ಎತ್ತದ ತಿಪ್ಪೆ

ಅಕ್ಕನ ನಡುನೆತ್ತಿಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಅಗಲ ಕೂದಲೇ ಇರಲಿಲ್ಲ. ಹುಟ್ಟಿನಿಂದ ಬಂದದ್ದಲ್ಲ, ಗೊಬ್ಬರದ ಮಂಕರಿ ಹೊತ್ತು ಹೊತ್ತು ಸವೆದದ್ದು. ಸಿಂಬಿ ಇಟ್ಟುಕೊಂಡೇ ಹೊರುತ್ತಿದ್ದಳು, ಆದರೂ ಅಷ್ಟು ವರ್ಷದ ಭಾರವನ್ನು ಹಳೇ ಸೀರೆಯ ಸಿಂಬಿ ಎಷ್ಟು ತಡೆದೀತು? ತಲೆಗೆ ಎಣ್ಣೆ ಹಚ್ಚಿದ ದಿನ ಆ ಜಾಗ ಬೆಳಗಿದ ಹಿತ್ತಾಳೆ ಚೊಂಬಿನ ತಳದ ಹಾಗೆ ಮಿನುಗುತ್ತಿತ್ತು. ಚಿಕ್ಕವನಿದ್ದಾಗ ನಾನು ಅದರ ಮೇಲೆ ಬೆರಳಿಟ್ಟು, "ಇಲ್ಲಿ ಬಾವಿ ತೋಡುದ್ರೆ ನೀರು ಬತ್ತದಾ ಅಕ್ಕ?" ಅಂತ ಕೇಳುತ್ತಿದ್ದೆ. "ಬತ್ತದೆ ಬತ್ತದೆ, ನಿನ್ ಕಣ್ಣಲ್ಲಿ" ಎಂದು ಕಿವಿ ಹಿಂಡುತ್ತಿದ್ದಳು.

ಅವ್ವ ಹೋದಾಗ ನಾನಿನ್ನೂ ತೊಟ್ಟಿಲಲ್ಲಿದ್ದೆನಂತೆ. ನನಗೆ ನೆನಪಿರುವ ಮೊದಲ ಮುಖ ಅಕ್ಕನದೇ. ಅವಳನ್ನು ಕಿಕ್ಕೇರಿ ಕಡೆಗೆ ಕೊಟ್ಟಾಗ ಗಾಡಿಯ ಹಿಂದೆ ಅತ್ತುಕೊಂಡು ನಾಲೆ ಏರಿಯವರೆಗೂ ಓಡಿದ್ದೆ. ಭಾವ ಬಹಳ ದಿನ ಬಾಳಲಿಲ್ಲ, ಮಕ್ಕಳೂ ಆಗಿರಲಿಲ್ಲ. ಒಂದು ಟ್ರಂಕು ಹೊತ್ತು, ಒಂದು ಕರೀ ಹಸು ಹೊಡೆದುಕೊಂಡು ಅಕ್ಕ ವಾಪಸು ಬಂದಳು. ಅಪ್ಪ ಊರ ಹಿರೀಕರನ್ನು ಕೂರಿಸಿಕೊಂಡು, "ಮೂಡ್ಲ ಹೊಲ ಮಗಳ್ಗೆ, ಪಡ್ಲ ಹೊಲ ಮಗನ್ಗೆ" ಎಂದು ಹಂಚಿಕೊಟ್ಟ. ಎರಡೂ ಬೆದ್ದಲು, ರಾಗಿ ಹುರುಳಿ ಬೆಳೆಯುವ ನೆಲ. ನಡುವೆ ಊರಿನ ಗೋಮಾಳ. ಗೋಮಾಳದಲ್ಲಿ ನನ್ನ ಹೊಲದ ಕಡೆಗೆ, ಜಲ್ಲಿ ತೆಗೆದು ಬಿಟ್ಟುಹೋದ ಒಂದು ಹಳೇ ಕ್ವಾರಿ ಗುಂಡಿ.

ನಾನು ಏಳನೇ ಕ್ಲಾಸಿಗೇ ಬಿಟ್ಟವನು. ಅಕ್ಕ ಸ್ಕೂಲಿನ ಮೆಟ್ಟಿಲನ್ನೇ ಹತ್ತಿದವಳಲ್ಲ. ಹಾಗಾಗಿ ನಮ್ಮ ಮನೆಗೆ ನಾನೇ ವಿದ್ಯಾವಂತ. ಬಸ್ಸಿನ ಬೋರ್ಡು, ಔಷಧಿಯ ಚೀಟಿ, ಪಂಚಾಯ್ತಿ ಗೋಡೆಗೆ ಅಂಟಿಸಿದ್ದು, ಎಲ್ಲವನ್ನೂ ಓದಿ ಹೇಳುವವನು ನಾನು. ನಾನು ಏನು ಹೇಳಿದರೆ ಅದೇ ಅವಳಿಗೆ ಸರ್ಕಾರ.

ಅವಳ ನಾಲಿಗೆ ಮೃದುವಾಗಿರಲಿಲ್ಲ. ದವಡೆಯಲ್ಲಿ ಹೊಗೆಸೊಪ್ಪಿನ ಚೂರು ಇಟ್ಟುಕೊಂಡೇ ಮಾತಾಡುವಳು. ನನ್ನ ಹೆಂಡತಿ ಬಂದ ಮೇಲೆ ಮನೆಯಲ್ಲಿ ಒಲೆ ಒಂದು, ಸೌಟು ಹಿಡಿಯುವ ಕೈ ಎರಡು. "ಇದ್ಯಾನವ್ವ ಸಾರು, ನಾಲೆ ನೀರ್ಗೆ ಉಪ್ಪಾಕ್ದಂಗೈತೆ" ಎಂದು ಅಕ್ಕ ಅನ್ನುವಳು. "ಅಂಗಾದ್ರೆ ನೀವೇ ಕಾಸ್ಕಳಿ ಅತ್ತಿಗಮ್ಮ, ನಾನು ಕುಂತ್ಕಂಡು ಉಂತೀನಿ" ಎಂದು ಇವಳು ಅನ್ನುವಳು. ಅಕ್ಕ ಎದ್ದು ಕೊಟ್ಟಿಗೆಗೆ ಹೋಗಿ ಹಸುವಿನ ಕಿವಿಯಲ್ಲಿ ದೂರು ಹೇಳುವಳು. ಮಲಗುತ್ತಿದ್ದದ್ದೂ ಅಲ್ಲೇ, ಕೊಟ್ಟಿಗೆಯ ಪಕ್ಕದ ಜಗಲಿಯ ಮೇಲೆ. ಒಳಗೆ ಬಾ ಅಂದರೆ ಬರುತ್ತಿರಲಿಲ್ಲ.

ಅವಳಿಗೆ ಬೇಕಾಗಿದ್ದದ್ದು ತನ್ನ ಹೊಲದಲ್ಲಿ ಹೊಂಗೆಮರದ ಕೆಳಗೆ ಒಂದು ಪುಟ್ಟ ಮನೆ. "ಒಂದೊಲೆ, ಒಂದ್ ಬಾಗ್ಲು, ಒಂದ್ ತಿಪ್ಪೆ. ಅಷ್ಟೇ ಕಣ್ಲಾ" ಎನ್ನುವಳು. ಒಲೆ ಬಾಗಿಲು ಸರಿ, ತಿಪ್ಪೆ ಯಾಕೆ ಅಂತ ನಾನು ನಗುತ್ತಿದ್ದೆ. "ತನ್ ತಿಪ್ಪೆ ಇಲ್ದೋಳು ಯಾವ್ ಮನೇಲಿದ್ರೂ ನೆಂಟ್ರೇ ಕಣ್ಲಾ. ಉಂಡೋಗಕ್ಕೆ ಬಂದೋಳು" ಎನ್ನುವಳು. ತಿಪ್ಪೆಯ ವಿಷಯದಲ್ಲಿ ಅವಳದು ದೇವರ ಮನೆಯ ಮಡಿ. ದೀಪಾವಳಿಯಲ್ಲಿ ಎಲ್ಲರೂ ಹೊಸ್ತಿಲಿಗೆ ದೀಪ ಇಟ್ಟರೆ ಅವಳು ಮೊದಲು ತಿಪ್ಪೆಯ ಮೇಲಿಟ್ಟು, ಚೆಂಡುಹೂ ಸಿಕ್ಕಿಸಿ, ಕೈಮುಗಿದು ಆಮೇಲೆ ಹೊಸ್ತಿಲಿಗೆ ಬರುವಳು. ಯುಗಾದಿ ಕಳೆದ ಮೇಲೆ ತಿಪ್ಪೆ ಎತ್ತುವ ಕಾಲ. ಕರ್ರಗೆ ಕಳಿತ ಗೊಬ್ಬರವನ್ನು ಬಗೆದು, ಹೊಲಕ್ಕೆ ಹೊತ್ತು, ಗುಂಡಿಯ ತಳ ಕಾಣುವವರೆಗೂ ಗುಡಿಸಿ, ಬರಿದಾದ ಗುಂಡಿಯನ್ನು ನೋಡಿ, "ಅಬ್ಬ, ಉಸುರಾಡ್ತು" ಎನ್ನುವಳು.

ಸುತ್ತಲಿನ ಪಟ್ಟಣಗಳ ಕಸ ನಮ್ಮ ಗೋಮಾಳಕ್ಕೆ ಬರುತ್ತದೆ ಅಂತಾದಾಗ ಶಾಲೆಯ ಅಂಗಳದಲ್ಲಿ ಸಭೆ ಕರೆದಿದ್ದರು. ಒಬ್ಬ ಇಂಜಿನಿಯರು ಬಂದಿದ್ದರು. ಸಣ್ಣ ವಯಸ್ಸಿನವರು, ಕೋಪವಿಲ್ಲದ ಮುಖ. ಕ್ವಾರಿ ಗುಂಡಿಯ ತಳಕ್ಕೆ ದಪ್ಪ ಪ್ಲಾಸ್ಟಿಕ್ ಹಾಸುತ್ತೇವೆ, ಕಸ ತುಂಬುತ್ತೇವೆ, ಮೇಲೆ ಮಣ್ಣು ಮುಚ್ಚುತ್ತೇವೆ ಅಂತ ಬಿಡಿಸಿ ಹೇಳಿದರು. ಹಿಂದಿನಿಂದ ಯಾರೋ, "ಅಂದ್ರೆ ತಿಪ್ಪೆಗುಂಡಿ ಅನ್ನಿ ಸಾಮಿ" ಅಂದರು. "ಹೂಂ, ಒಂಥರಾ ಹಾಗೇ ಅಂದ್ಕೊಳ್ಳಿ" ಅಂದರು ಇಂಜಿನಿಯರು.

ನಾವು ಹಾಗೇ ಅಂದುಕೊಂಡೆವು. ಅಲ್ಲೇ ತಪ್ಪಿದ್ದು. ತಿಪ್ಪೆ ಅಂದಮೇಲೆ ವರ್ಷಕ್ಕೊಂದು ಸಲ ಎತ್ತಲೇಬೇಕಲ್ಲ. ತುಂಬುವುದು, ಬರಿದಾಗುವುದು, ಮತ್ತೆ ತುಂಬುವುದು. ಎತ್ತದೇ ಇರುವ ತಿಪ್ಪೆ ಒಂದಿರುತ್ತದೆ ಅಂತ ನಮ್ಮಲ್ಲಿ ಯಾರ ತಲೆಗೂ ಹೊಳೆಯಲಿಲ್ಲ. ಕೇಳಬೇಕು ಅಂತಲೂ ಅನ್ನಿಸಲಿಲ್ಲ. ಅಕ್ಕನಂತೂ ಎಲ್ಲರಿಗಿಂತ ಮೊದಲು ಕೈಯೆತ್ತಿ, "ಆಗ್ಲಿ ಬುಡಿ ಸಾಮಿ. ಎತ್ವಾಗ ನಮ್ಗೂ ನಾಕ್ ಗಾಡಿ ಗೊಬ್ರ ಕೊಡಿ" ಅಂದಳು. ಇಂಜಿನಿಯರಿಗೆ ಅವಳು ಹೇಳಿದ್ದು ಅರ್ಥವಾಗಲಿಲ್ಲ. ತಮಾಷೆ ಅಂದುಕೊಂಡು ನಕ್ಕರು. ನಾವೂ ನಕ್ಕೆವು.

ಲಾರಿಗಳು ಬಂದವು. ಒಂದು ಯುಗಾದಿ ಹೋಯಿತು, ಇನ್ನೊಂದು ಹೋಯಿತು. ಅಕ್ಕ ಒಂದು ಬೆಳಿಗ್ಗೆ ಮಂಕರಿಯನ್ನೇ ಹಿಡಿದುಕೊಂಡು ಕ್ವಾರಿಯ ಗೇಟಿಗೆ ಹೋಗಿ, "ಯಾವಾಗ್ಲಾ ಎತ್ತೀರಿ?" ಅಂತ ಕಾವಲಿನವನನ್ನು ಕೇಳಿದಳಂತೆ. "ಎತ್ತಾದಾ? ಎತ್ತಾಕಿಲ್ಲ ಕಣಜ್ಜಿ, ಇಲ್ಲೇ ಇರ್ತದೆ" ಅಂದನಂತೆ ಅವನು. ಮನೆಗೆ ಬಂದು ಬರಿ ಮಂಕರಿ ಕೆಳಗಿಟ್ಟಳು. "ಎತ್ತಾಕಿಲ್ವಂತೆ ಕಣ್ಲಾ. ತಿಪ್ಪೆ ತಿಪ್ಪೆ ಅಂತ ಬಾಯ್ತುಂಬ ಅಂದ್ವಲ್ಲ, ಅದಕ್ಕೆ ಬ್ಯಾರೆ ಹೆಸ್ರು ಇಡ್ಬೇಕಾಗಿತ್ತು" ಅಂದಳು.

ಅದೇ ಹೊತ್ತಿನಲ್ಲಿ ನನಗೊಂದು ಆಸೆ ಹುಟ್ಟಿತ್ತು. ನಾಲೆ ಕಡೆಯಲ್ಲಿ ಕಬ್ಬು ಹೆಚ್ಚಾಗಿತ್ತು, ನನ್ನ ಹೊಲ ಗಾಡಿದಾರಿಗೆ ಹತ್ತಿರ. ಅಲ್ಲಿ ಒಂದು ಆಲೆಮನೆ ಹಾಕಬೇಕು, ಬೆಲ್ಲ ಮಾಡಬೇಕು. ಪರವಾನಗಿಗೆ ಅರ್ಜಿ ಹಾಕಿದೆ. ಆಗುವುದಿಲ್ಲ ಅಂತ ಬಂತು. ಕಸದ ಗುಂಡಿಯ ಅಂಚಿನಿಂದ ಇಂತಿಷ್ಟು ದೂರದವರೆಗೆ ಏನನ್ನೂ ಕಟ್ಟುವ ಹಾಗಿಲ್ಲ, ನಿಮ್ಮ ಹೊಲ ಅದರೊಳಗೆ ಬರುತ್ತದೆ ಅಂದರು.

ನನಗಿಂತ ಅಕ್ಕನಿಗೆ ಹೆಚ್ಚು ಸಿಟ್ಟು ಬಂತು. ಹೊಗೆಸೊಪ್ಪು ಉಗಿದು, ಬಾಯಿ ಮುಕ್ಕಳಿಸಿ, ಒಳ್ಳೇ ಸೀರೆ ಉಟ್ಟು ನನ್ನ ಜೊತೆ ಬಸ್ಸು ಹತ್ತಿ ಪಾಂಡವಪುರಕ್ಕೆ ಬಂದಳು. ಕಚೇರಿಯಲ್ಲಿ ನಾನು ಬಾಗಿಲ ಬಳಿ ನಿಂತೆ, ಅವಳು ನೇರ ಮೇಜಿನ ಮುಂದೆ ಹೋಗಿ ನಿಂತಳು.

"ಬಫರ್ ಜೋನ್ ಅಮ್ಮ ಅದು," ಅಂದರು ಗುಮಾಸ್ತರು.

"ಅಂಗಂದ್ರೆ?"

"ಖಾಲಿ ಬಿಡಬೇಕಾದ ಜಾಗ. ಯಾರೂ ಏನೂ ಮಾಡೋ ಹಾಗಿಲ್ಲ."

"ಯಾರೂ ಇಲ್ದೆ ಇರಾ ಜಾಗಕ್ಕೆ ನಮ್ಮಲ್ಲಿ ಬೇವಾರ್ಸಿ ಜಾಗ ಅಂತಾರೆ. ಅದು ನನ್ ತಮ್ಮಂದು ಸಾಮಿ. ಅವ್ನು ಇಲ್ಲೇ ಅವ್ನೆ ನೋಡಿ, ಬಾಗ್ಲಲ್ಲಿ ಕಳ್ಳನಂಗೆ ನಿಂತವ್ನೆ. ಬಾರ್ಲಾ ಇಲ್ಲಿ, ಮಕ ತೋರ್ಸು!"

ಕಚೇರಿಯೆಲ್ಲ ನಕ್ಕಿತು. ಗುಮಾಸ್ತರು ಅವಳಿಗೆ ಟೀ ತರಿಸಿ ಕೊಟ್ಟರು, ಪರವಾನಗಿ ಕೊಡಲಿಲ್ಲ. ಆವತ್ತಿನಿಂದ ಊರಲ್ಲಿ ಆ ಖಾಲಿ ಜಾಗಕ್ಕೆ ಬೇವಾರ್ಸಿ ಪಟ್ಟಿ ಅಂತಲೇ ಹೆಸರಾಯಿತು. ಅಕ್ಕ ಸೋಲಲಿಲ್ಲ. ಹಸುವಿನ ಹಾಲು ಕರೆಯುವ ಹೊತ್ತನ್ನೇ ಹಿಂದೆ ಮುಂದೆ ಮಾಡಿಕೊಂಡು ನನಗಾಗಿ ಎಷ್ಟು ಸಲ ಆ ಬಸ್ಸು ಹತ್ತಿದಳೋ. "ನಿಂದೊಂದಾಗ್ಲಿ, ಆಮ್ಯಾಕೆ ನನ್ ಮನೆ ಅರ್ಜಿ" ಎನ್ನುತ್ತಿದ್ದಳು. ಅವಳ ಹೊಲಕ್ಕೆ ಆಗ ಏನೂ ಅಡ್ಡಿ ಇರಲಿಲ್ಲ. ಆವತ್ತೇ ಅರ್ಜಿ ಹಾಕಿದ್ದರೆ ಹೊಂಗೆಮರದ ಕೆಳಗೆ ಮನೆ ಎದ್ದಿರುತ್ತಿತ್ತು.

ಆಮೇಲೆ ನಾಲೆಗೆ ನೀರು ಬಿಟ್ಟಾಗ ಕ್ವಾರಿ ಗುಂಡಿಯ ಗೋಡೆಗಳಲ್ಲಿ ನೀರು ಜಿನುಗತೊಡಗಿತು. ಹೀಗಾದರೆ ಕಸದ ರಸ ಬಾವಿಗಳಿಗೆ ಇಳಿಯುತ್ತದೆ ಅಂತ ಅವರೇ ಕಂಡುಕೊಂಡು ನಕ್ಷೆ ಬದಲಿಸಿದರು. ಗುಂಡಿ ಬೇಡ, ಮೂಡಲ ಕಡೆ ಎತ್ತರದ ನೆಲದಲ್ಲಿ ಗುಡ್ಡೆ ಮಾಡುವುದು ಅಂತಾಯಿತು. ಮತ್ತೆ ಸಭೆ ಕರೆದರು. ಹೊಲದವರೆಲ್ಲ ಬಂದು ತಮ್ಮ ತಕರಾರು ಹೇಳಬೇಕು ಅಂತ ಟಾಂಟಾಂ ಆಯಿತು.

ಆ ದಿನ ಬೆಳಿಗ್ಗೆ ಅಕ್ಕನ ಹಸುವಿಗೆ ಈಯುವ ನೋವು ಬಂತು. ಅವಳು ಅದರ ಬೆನ್ನು ನೀವುತ್ತಾ ಕೊಟ್ಟಿಗೆಯಿಂದಲೇ ಕೂಗಿ ಹೇಳಿದಳು: "ನಾ ಬರಾಕಿಲ್ಲ ಕಣ್ಲಾ. ಎಲ್ಡು ಹೊಲಕ್ಕೂ ನೀನೇ ಮಾತಾಡ್ಬುಡು. ಬಾಗ್ಲಲ್ಲಿ ನಿಂತ್ಕಬ್ಯಾಡ, ಮುಂದ್ಕೋಗು."

ನಾನು ಮುಂದೆಯೇ ಹೋಗಿ ಕೂತೆ. ಕಬ್ಬು ಕಡಿಯುವ ಕಾಲ, ಬಂದವರು ಕಡಿಮೆ. ಅದೇ ಇಂಜಿನಿಯರು ನಕ್ಷೆ ಹರಡಿ, ಗುಡ್ಡೆ ಇಲ್ಲಿ ಬರುತ್ತದೆ, ಹಳೇ ಗುಂಡಿ ಮುಚ್ಚುತ್ತೇವೆ, ಆದ್ದರಿಂದ ಖಾಲಿ ಪಟ್ಟಿ ಪಡುವಲ ಹೊಲದಿಂದ ಎದ್ದು ಮೂಡಲ ಹೊಲದ ಮೇಲೆ ಕೂರುತ್ತದೆ ಅಂತ ಬೆರಳಿಟ್ಟು ತೋರಿಸಿದರು. ಪಡುವಲದ್ದು ನನ್ನದು. ಮೂಡಲದ್ದು ಅಕ್ಕನದು.

"ಮೂಡಲ ಹೊಲದವರಿಗೆ ತೊಂದರೆ ಆಗುತ್ತೆ, ಸುಳ್ಳು ಹೇಳಲ್ಲ," ಅಂದರು. "ಅವರು ತಕರಾರು ಹೇಳಿದರೆ ಗುಡ್ಡೆನ ಬಡಗಲಿಗೆ ಸರಿಸೋಕೆ ಆಗುತ್ತಾ ನೋಡಬಹುದು. ಆದರೆ ಮತ್ತೆ ಅಳತೆ, ಮತ್ತೆ ಮಂಜೂರಾತಿ. ಅಲ್ಲೀತನಕ ಯಾರ ಪರವಾನಗಿನೂ ಮುಂದಕ್ಕೆ ಹೋಗಲ್ಲ." ಆಮೇಲೆ ತಲೆಯೆತ್ತಿ ಕೇಳಿದರು, "ಮೂಡಲ ಹೊಲ ಯಾರದು? ಬಂದಿದ್ದಾರಾ?"

"ನಮ್ಮಕ್ಕಂದು ಸಾರ್. ಅವಳ ಪರವಾಗಿ ನಾನು ಬಂದಿದ್ದೀನಿ."

"ತಕರಾರು ಇದೆಯಾ?"

ಕಣ್ಣ ಮುಂದೆ ನನ್ನ ಆಲೆಮನೆಯ ಹೊಗೆಗೂಡು ಎದ್ದು ನಿಂತಿತ್ತು. ಮತ್ತೆ ಕಾಯಬೇಕು ಅನ್ನುವುದು ಮಾತ್ರ ಕಿವಿಗೆ ಬಿದ್ದಿತ್ತು. ಅಕ್ಕ ವಯಸ್ಸಾದವಳು, ಹೇಗೂ ನಮ್ಮ ಜಗಲಿಯ ಮೇಲೆ ಇದ್ದಾಳೆ, ಅವಳಿಗೇನು ಅವಸರ ಅಂತ ಒಳಗೇ ಯಾರೋ ಅಂದ ಹಾಗಾಯಿತು. ಆ ಯಾರೋ ನಾನೇ.

"ತಕರಾರಿಲ್ಲ ಸಾರ್" ಅಂದೆ.

ಪಕ್ಕದಲ್ಲಿ ಕೂತಿದ್ದ ನೆರೆಯೂರಿನ ಇಬ್ಬರು ನನ್ನ ಮುಖ ನೋಡಿದರು. ಅಕ್ಕ ತಮ್ಮ ಮಾತಾಡಿಕೊಂಡಿರಬೇಕು ಅಂದುಕೊಂಡರೇನೋ, ಮತ್ತೆ ನಕ್ಷೆಯ ಕಡೆ ತಿರುಗಿದರು.

ಮನೆಗೆ ಬರುವ ಹೊತ್ತಿಗೆ ಹೆಣ್ಣುಗರು ಹುಟ್ಟಿತ್ತು. ಅಕ್ಕ ಗಿಣ್ಣು ಕಾಯಿಸಿ, ಬೆಲ್ಲ ಏಲಕ್ಕಿ ಹಾಕಿ, ಮೊದಲ ಬಟ್ಟಲನ್ನು ನನಗಾಗಿ ಮುಚ್ಚಿಟ್ಟಿದ್ದಳು. ನಾನು ತಿನ್ನುತ್ತಿದ್ದಾಗ ಎದುರಿಗೆ ಕುಕ್ಕರುಗಾಲಲ್ಲಿ ಕೂತು ಕೇಳಿದಳು.

"ಏನಂದ್ರ್ಲಾ?"

"ಗುಂಡಿ ಬ್ಯಾಡ್ವಂತೆ, ಗುಡ್ಡೆ ಮಾಡ್ತಾರಂತೆ."

"ನಿನ್ ಹೊಲ?"

"ನಂದು ಬುಟ್ಟೋಯ್ತದಂತೆ."

"ಅಯ್ ಸಿವ್ನೆ! ಕರ ಹುಟ್ಟಿದ್ ಗಳಿಗೆ ಕಣ್ಲಾ ಇದು!" ಎಂದು ನನ್ನ ಬಟ್ಟಲಿಗೆ ಇನ್ನಷ್ಟು ಗಿಣ್ಣು ಸುರಿದಳು. ನಂದು ಏನಾಯ್ತು ಅಂತ ಅವಳು ಕೇಳಲಿಲ್ಲ. ನಾನೂ ಹೇಳಲಿಲ್ಲ. ಬಟ್ಟಲು ಖಾಲಿ ಮಾಡಿದೆ.

ನನ್ನ ಪರವಾನಗಿ ಬಂತು, ಆಲೆಮನೆ ಎದ್ದಿತು. ಮೊದಲ ಕೊಪ್ಪರಿಗೆಗೆ ಪೂಜೆ ಮಾಡಿದವಳು ಅಕ್ಕ. ಅದಾದ ಮೇಲೆ ಅವಳು ತನ್ನ ಮನೆಯ ಅರ್ಜಿ ಹಾಕಿದಳು. ಪಂಚಾಯ್ತಿಯಿಂದ ಉತ್ತರ ಬಂದಾಗ ನಾನೇ ಓದಿ ಹೇಳಬೇಕಾಯಿತು.

"ಬೇವಾರ್ಸಿ ಪಟ್ಟಿ ನಿನ್ ಹೊಲದ ಮ್ಯಾಲೆ ಬಂದೈತಂತಕ್ಕ."

"ಅದ್ಯಾವಾಗ್ಲಾ ಬಂತು?"

"ಗೊತ್ತಿಲ್ಲ ಕಣಕ್ಕ."

ಅಲ್ಲಿಂದ ನಾನು ಓಡಾಡತೊಡಗಿದೆ. ಓಡಾಟ ಅಂದರೆ ನಿಜವಾದ ಓಡಾಟವೇ. ಆಲೆಮನೆ ಕೆಲಸ ಬಿಟ್ಟು ಅವಳನ್ನು ಕಚೇರಿಯಿಂದ ಕಚೇರಿಗೆ ಕರೆದುಕೊಂಡು ಹೋದೆ. ಒಂದು ಸಲ ಶ್ರೀರಂಗಪಟ್ಟಣದಲ್ಲಿ ಒಬ್ಬ ವಕೀಲರ ಹತ್ತಿರ ಹೋದೆವು. ವಯಸ್ಸಾದವರು, ಸಮಾಧಾನವಾಗಿ ಎಲ್ಲ ಕೇಳಿಸಿಕೊಂಡರು.

"ನಕ್ಷೆ ಬದಲಾಯಿಸೋ ಮುಂಚೆ ಸಭೆ ಮಾಡಿರ್ತಾರಲ್ಲ ತಾಯಿ. ಅವತ್ತೇ ತಕರಾರು ಹೇಳಿದ್ದಿದ್ರೆ ದಾರಿ ಇತ್ತು. ನಿಮ್ಮ ಕಡೆಯಿಂದ ಯಾರೂ ಹೋಗಿರಲಿಲ್ವಾ?"

"ಯಾಕೋಗಿಲ್ಲ, ನನ್ ತಮ್ಮ ಹೋಗಿದ್ದ ಸಾಮಿ," ಅಂದಳು ಅಕ್ಕ. ದನಿಯಲ್ಲಿ ಹೆಮ್ಮೆ. "ಇವ್ನು ಹೇಳ್ದೆ ಇರ್ತಾನಾ? ಹೇಳವ್ನೆ. ಅವ್ರು ಕೇಳುಸ್ಕಂಡಿಲ್ಲ."

ವಕೀಲರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಅವರು ಕಾಗದಗಳನ್ನು ಮಡಿಸಿ ಅಕ್ಕನ ಕೈಗೆ ಕೊಟ್ಟರು.

ಹೊರಗೆ ಬಂದು ಹೊಳೆಯ ಸೋಪಾನದ ಹತ್ತಿರ ಹೋದೆವು. ಅಕ್ಕ ನೀರಲ್ಲಿ ಕಾಲು ಬಿಟ್ಟುಕೊಂಡು ಕೂತು, ಸೆರಗಿನ ಗಂಟಿನಿಂದ ಕಡ್ಲೆಪುರಿ ತೆಗೆದು ನನಗೆ ಕೊಟ್ಟು, "ನನ್ ದೆಸೆಯಿಂದ ನಿನ್ ಕೆಲ್ಸ ಕೆಟ್ಟೋಯ್ತದೆ. ಬುಡು, ಜಗ್ಲಿ ಐತಲ್ಲ" ಅಂದಳು. ಆಗ ಹೇಳಬಹುದಿತ್ತು. ಸುತ್ತ ಯಾರೂ ಇರಲಿಲ್ಲ. ಬಾಯಲ್ಲಿ ಕಡ್ಲೆಪುರಿ ಇತ್ತು ಅನ್ನುವುದು ಬಿಟ್ಟರೆ ನನಗೆ ಬೇರೆ ನೆಪವೂ ಇರಲಿಲ್ಲ.

ಬರುಬರುತ್ತಾ ಗುಡ್ಡೆ ಅವಳ ಹೊಲದ ಅಂಚಿಗೇ ನೆರಳು ಹಾಕುವಷ್ಟು ಎತ್ತರವಾಯಿತು. ಆ ವರ್ಷದ ದೀಪಾವಳಿಯಲ್ಲಿ ಅಕ್ಕ ಮಣ್ಣಿನ ಹಣತೆ, ಚೆಂಡುಹೂ ಹಿಡಿದುಕೊಂಡು ಅದರ ಗೇಟಿಗೇ ಹೋದಳು. ನಾನೂ ಹಿಂದೆ ಹೋದೆ. ಕಾವಲಿನವನು ಅಡ್ಡ ನಿಂತ.

"ಒಳೀಕೆ ಬುಡಂಗಿಲ್ಲ ಕಣಜ್ಜಿ. ಬೆಂಕಿ ಬೇರೆ ತಂದಿದ್ದೀಯ, ನನ್ ಕೆಲ್ಸ ಕಳೀತೀಯ."

"ನಿನ್ ಕೆಲ್ಸ ಯಾರ್ಗ್ ಬೇಕ್ಲಾ, ನಾತ ಕುಡ್ಯೋ ಕೆಲ್ಸವ!"

"ಅಲ್ಲಾ, ಇದು ನಿನ್ ಮನೆ ಜಾಗಾನೇ ನುಂಗ್ತು ಅಂತ ಊರೆಲ್ಲಾ ಅಂತಾರೆ. ಇದಕ್ಯಾಕೆ ಪೂಜೆ?"

"ಅದೇನ್ ಮಾಡ್ತದ್ಲಾ ಪಾಪ, ಹಾಕ್ದಲ್ಲಿ ಬಿದ್ದೈತೆ," ಅಂದಳು ಅಕ್ಕ. "ಯಾರೂ ಎತ್ತೋರಿಲ್ಲ. ವರ್ಸಕ್ಕೊಂದ್ಸಲ ಒಂದ್ ದೀಪನಾದ್ರೂ ನೋಡ್ಲಿ."

ಗೇಟಿನ ಹೊರಗೆ ಕಲ್ಲಿನ ಮೇಲೆ ಹಣತೆ ಇಟ್ಟು ಗಾಳಿಗೆ ಸೆರಗು ಮರೆಮಾಡಿ ನಿಂತಳು. ಆಮೇಲೆ ಕಾವಲಿನವನಿಗೆ ನನ್ನನ್ನು ತೋರಿಸಿ, "ಇವ್ನೇ ನನ್ ತಮ್ಮ. ನನ್ಗೋಸ್ಕರ ಚಪ್ಲಿ ಸವೆಸ್ದೋನು" ಅಂದಳು. ಇದನ್ನು ಅವಳು ಹೇಳದೇ ಇದ್ದ ಜನವಿಲ್ಲ. ಹಾಲಿನ ಡೈರಿಯಲ್ಲಿ, ಬಸ್ಸಿನಲ್ಲಿ, ಕೆ.ಆರ್. ಪೇಟೆಯ ನೆಂಟರ ಮದುವೆಯಲ್ಲಿ, ಎಲ್ಲಿ ಕೂತರೂ ಅದೇ ಮಾತು. ನನ್ನ ಹೆಂಡತಿಯ ಸಾರನ್ನು ಹಳಿದ ಬಾಯಿ ನನ್ನನ್ನು ಒಂದು ದಿನ ಹಳಿಯಲಿಲ್ಲ. ಹಳಿದಿದ್ದರೆ ನನಗೆ ಹೇಳುವುದು ಸುಲಭವಾಗುತ್ತಿತ್ತೇನೋ.

ಕಳೆದ ವರ್ಷ ಅಕ್ಕನ ಉಸಿರು ಕಟ್ಟತೊಡಗಿತು. ಮಂಡ್ಯದ ದೊಡ್ಡಾಸ್ಪತ್ರೆಗೆ ಸೇರಿಸಿದೆವು. ನನ್ನ ಹೆಂಡತಿ ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಗಂಜಿ ತೆಗೆದುಕೊಂಡು ಹೋಗುವಳು. "ಗಂಜಿಗಾದ್ರೂ ಉಪ್ಪು ಸರ್ಯಾಗ್ ಹಾಕಿದ್ದೀಯ" ಎಂದು ಅಕ್ಕ, "ಉಂಡ್ಬುಟ್ಟು ಮಾತಾಡಿ ಅತ್ತಿಗಮ್ಮ" ಎಂದು ಇವಳು.

ಅಷ್ಟರಲ್ಲಿ ಗೋಮಾಳದಲ್ಲಿ ಮೂರನೇ ನಕ್ಷೆ ಬಂದಿತ್ತು. ಗುಡ್ಡೆಯನ್ನು ಯಂತ್ರ ಇಟ್ಟು ಜರಡಿ ಹಿಡಿದು, ಮಣ್ಣು ಬೇರೆ, ಪ್ಲಾಸ್ಟಿಕ್ ಬೇರೆ ಮಾಡಿ ಸಾಗಿಸುವುದು, ಕೆಲಸವೂ ಶುರುವಾಗಿತ್ತು. ಗುಡ್ಡೆ ಕರಗಿದ ಹಾಗೆ ಖಾಲಿ ಪಟ್ಟಿಯೂ ಹಿಂದಕ್ಕೆ ಸರಿಯುತ್ತದೆ, ಮೂಡಲ ಹೊಲ ಬಿಡುಗಡೆಯಾಗುತ್ತದೆ ಅಂತ ಪಂಚಾಯ್ತಿಯಲ್ಲಿ ಹೇಳಿದರು. ಆ ಸುದ್ದಿ ಹಿಡಿದುಕೊಂಡು ಆಸ್ಪತ್ರೆಗೆ ಹೋದೆ. ದಾರಿಯುದ್ದಕ್ಕೂ ಒಂದೇ ನಿಶ್ಚಯ: ಮೊದಲು ಸುದ್ದಿ ಹೇಳಬೇಕು, ಅದರ ಹಿಂದೆಯೇ ಇನ್ನೊಂದನ್ನೂ ಹೇಳಿಬಿಡಬೇಕು.

"ಅಕ್ಕ, ಗುಡ್ಡೆ ಎತ್ತಾವ್ರೆ."

ಅವಳು ಕಣ್ಣು ಬಿಟ್ಟಳು. "ಎತ್ತಾವ್ರಾ? ನಿಜ್ವಾಗ್ಲೂ?"

"ಊಂ. ಲಾರಿ ತುಂಬ್ತಾವ್ರೆ. ನಿನ್ ಹೊಲ ಬುಟ್ಟೋಯ್ತದೆ. ಮನೆ ಕಟ್ಬೌದಂತೆ."

ಅಕ್ಕ ನನ್ನ ಕೈ ಹಿಡಿದುಕೊಂಡಳು. ಪಕ್ಕದ ಮಂಚದ ಹೆಂಗಸಿನ ಕಡೆ ಕಷ್ಟಪಟ್ಟು ತಿರುಗಿ, "ನೋಡವ್ವ, ಮಾಡ್ಸೇ ಬುಟ್ಟ. ನಾ ಹೇಳ್ಲಿಲ್ವಾ?" ಅಂದಳು. ಮತ್ತೆ ನನ್ನ ಕಡೆ ನೋಡಿ, "ನೀನೇ ಅಲ್ವೇನ್ಲಾ ಮಾಡ್ಸಿದ್ದು?" ಅಂತ ಕೇಳಿದಳು.

ಆ ಮುಖದಲ್ಲಿ ಅಷ್ಟು ಬೆಳಕನ್ನು ನಾನು ಬಹಳ ವರ್ಷದಿಂದ ಕಂಡಿರಲಿಲ್ಲ.

"ಊಂ ಅಕ್ಕ, ನಾನೇ" ಅಂದೆ.

ಎರಡು ದಿನಕ್ಕೆ ಅಕ್ಕ ಹೋದಳು. ಹನ್ನೊಂದನೆಯ ದಿನ ಊರೆಲ್ಲ ಊಟಕ್ಕೆ ಬಂದಿತ್ತು. ಅಂತಾ ಅಕ್ಕ, ಅಂತಾ ತಮ್ಮ, ನೋಡೋಕ್ ಸಿಕ್ಕಲ್ಲ ಅಂತ ಎಲೆಯ ಮುಂದೆ ಕೂತವರೆಲ್ಲ ಅಂದರು. ನಾನು ತಲೆ ಬಗ್ಗಿಸಿ ಬಡಿಸಿದೆ. ಜನ ಎದ್ದು ಹೋದ ಮೇಲೆ ಹಿತ್ತಲಲ್ಲಿದ್ದ ಹೆಂಡತಿಯ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವಳು ತಿಕ್ಕುತ್ತಿದ್ದ ಪಾತ್ರೆಯನ್ನು ಕೆಳಗಿಟ್ಟು ನನ್ನನ್ನೇ ನೋಡಿದಳು. "ಅತ್ತಿಗಮ್ಮನ್ನ ಒಂದೊಲೇಲಿ ಇಟ್ಕಂಡು ನಾನೇ ಕೆಟ್ಟೋಳು ಅನ್ನುಸ್ಕಂಡೆ. ಅವ್ರಿಗೆ ಬ್ಯಾರೆ ಒಲೆ ಸಿಗ್ದಂಗೆ ಮಾಡಿದ್ದು ನೀನು," ಅಂದಳು. ಆಮೇಲೆ, "ನನ್ ತಾವ್ ಯಾಕ್ ಹೇಳ್ತೀಯ? ಕೇಳ್ಬೇಕಾದೋರು ಹೋಗ್ಬುಟ್ರು" ಎಂದು ಮತ್ತೆ ಪಾತ್ರೆ ತಿಕ್ಕತೊಡಗಿದಳು.

ಮಕ್ಕಳಿಲ್ಲದ ಅಕ್ಕನ ಹೊಲ ಈಗ ನನ್ನ ಪಾಲಿಗೆ ಬಂದಿದೆ. ಅಲ್ಲಿ ಏನು ಕಟ್ಟಿದರೂ ಅಡ್ಡಿಯಿಲ್ಲವಂತೆ. ಮೊನ್ನೆ ಪಂಚಾಯ್ತಿಯವರು ಕರೆದು, ಅರ್ಜಿ ಹಾಕಿ, ಬೇಗ ಮಾಡಿಕೊಡುತ್ತೇವೆ, ಅಕ್ಕನಿಗಾಗಿ ಅಷ್ಟು ಓಡಾಡಿದ ಮನುಷ್ಯ ನೀವು ಅಂದರು. ನಾನು ಅರ್ಜಿ ಹಾಕಿಲ್ಲ. ಬದಲಿಗೆ ಇದನ್ನು ಬರೆದಿದ್ದೇನೆ. ನಮ್ಮೂರಲ್ಲಿ ಓದು ಬಲ್ಲವರು ಓದಿ, ಓದು ಬಾರದವರಿಗೆ ಹೇಳಲಿ. ಒಂದನ್ನೂ ಬಿಡದೆ ಹೇಳಲಿ. ಇನ್ನು ಮೇಲೆ ಯಾರೂ ನನ್ನನ್ನು ಅಕ್ಕನಿಗಾಗಿ ಚಪ್ಪಲಿ ಸವೆಸಿದವನು ಅಂತ ಕರೆಯಬಾರದು.